ಥಾಯ್ ಬೌಲ್ ಹಗುರವೂ ಅಲ್ಲ, ಮುದ್ದೆ ಭಾರವೂ ಅಲ್ಲ

ತೂಕ ಇಳಿಸಬೇಕು ಅಂತ ಮನಸ್ಸು ಮಾಡಿದವರಿಗೆ ಈಗ ಸಿಗುವ ಬುದ್ಧಿಮಾತು ಬಹುಪಾಲು ಒಂದೇ. ಅನ್ನ ಬಿಡಿ, ಮುದ್ದೆ ಬಿಡಿ, ತೆಂಗಿನಕಾಯಿ ಕಡಿಮೆ ಮಾಡಿ; ಹೊರಗೆ ತಿನ್ನಲೇಬೇಕು ಅನ್ನಿಸಿದರೆ ಥಾಯ್ ತಿನ್ನಿ, ಅದು ಹಗುರ. ಬೆಂಗಳೂರಿನ ಹೇರೋಹಳ್ಳಿ ಕೆರೆಯ ದಂಡೆಯಲ್ಲಿ ಬೆಳಗ್ಗೆ ಕೈಬೀಸಿ ನಡೆಯುವವರ ಬಾಯಲ್ಲಿ ಈ ಮಾತಿದೆ. ಮಾಗಡಿ ರಸ್ತೆಯುದ್ದಕ್ಕೂ ಮೊದಲ ಮಹಡಿಗಳಲ್ಲಿ ತಲೆಯೆತ್ತಿರುವ ಜಿಮ್‌ಗಳಲ್ಲಿ ಇದೆ. ವಾರಾಂತ್ಯಕ್ಕೆ ರಾಜಾಜಿನಗರದ ಮಾಲ್‌ಗೆ ಹೋಗಿ ಮೆನು ಕೈಗೆತ್ತಿಕೊಂಡ ಮನೆಮಂದಿಯ ನಡುವೆಯೂ ಇದೆ: "ನಂಗೆ ಬಿರಿಯಾನಿ ಬೇಡಪ್ಪ, ಡಯೆಟ್ ಮಾಡ್ತಿದೀನಿ, ಗ್ರೀನ್ ಕರಿ ಹೇಳಿ." ಕೇಳಿದವರೆಲ್ಲ ಮೆಚ್ಚುಗೆಯಿಂದ ತಲೆಯಾಡಿಸುತ್ತಾರೆ. ಯಾಕೆ ಹಗುರ, ಎಷ್ಟು ಹಗುರ, ಯಾವುದಕ್ಕಿಂತ ಹಗುರ ಅಂತ ಒಬ್ಬರೂ ಕೇಳುವುದಿಲ್ಲ.

ಈ ನಂಬಿಕೆ ಸುಳ್ಳು. ನಮ್ಮ ದೇಹಕ್ಕೂ ದುಡ್ಡಿಗೂ ಮನೆಯ ಅಡುಗೆಯ ಮಾನಕ್ಕೂ ಒಟ್ಟಿಗೇ ಪೆಟ್ಟು ಕೊಡುತ್ತಿರುವ ಸುಳ್ಳು. ಇದನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡು ಕೂತಿರುವುದು ನನ್ನನ್ನು ಸಿಟ್ಟಿಗೇಳಿಸುತ್ತದೆ.

ಥಾಯ್ ಅಡುಗೆಯ ಮೇಲೆ ನನಗೆ ಮುನಿಸಿಲ್ಲ. ಮಜ್ಜಿಗೆ ಹುಲ್ಲು, ನಿಂಬೆ ಎಲೆ, ತುಳಸಿ, ಹಸಿಮೆಣಸಿನಕಾಯಿ ಸೇರಿ ಏಳುವ ಆ ಘಮಕ್ಕೆ ಸಾಟಿಯಿಲ್ಲ. ಅದು ದೊಡ್ಡ ಅಡುಗೆ, ದೊಡ್ಡ ಪರಂಪರೆ. ನನ್ನ ಆಕ್ಷೇಪ ಇರುವುದು ಅದನ್ನು ತೂಕ ಇಳಿಸುವ ಪಥ್ಯ ಅಂತ ಮಾರುವವರ ಮೇಲೆ, ಮತ್ತು ಅದನ್ನು ಕಣ್ಣುಮುಚ್ಚಿ ನಂಬುವ ನಮ್ಮ ಮೇಲೆ.

ಮನೆಗೆ ತರಿಸಿದ ಒಂದು ಗ್ರೀನ್ ಕರಿಯ ಡಬ್ಬಿಯ ಮುಚ್ಚಳ ತೆಗೆದು ಐದು ನಿಮಿಷ ಅಲುಗಿಸದೆ ಬಿಡಿ. ಮೇಲೆ ಹಸಿರು ಛಾಯೆಯ ಜಿಡ್ಡು ಕೆನೆಗಟ್ಟುತ್ತದೆ, ಅಂಚಿನಲ್ಲಿ ಉಂಗುರದ ಹಾಗೆ ಎಣ್ಣೆ ನಿಲ್ಲುತ್ತದೆ. ಚಮಚ ಹಾಕಿ ತಳ ಕೆದಕಿದರೆ ನಾಲ್ಕು ತುಂಡು ಬ್ರೊಕೊಲಿ, ಎರಡು ಬೇಬಿ ಕಾರ್ನ್, ಸೀಳಿದ ಬೀನ್ಸ್, ಒಂದಿಷ್ಟು ತೋಫು ಇಲ್ಲವೇ ಪನೀರ್ ಅಥವಾ ಚಿಕನ್. ಉಳಿದದ್ದೆಲ್ಲ ತೆಂಗಿನ ಹಾಲು. ಈ ಅಡುಗೆಯ ಕ್ರಮವೇ ಹಾಗೆ: ಗಟ್ಟಿ ತೆಂಗಿನ ಹಾಲನ್ನು ಬಾಣಲೆಯಲ್ಲಿ ಕುದಿಸಿ, ಅದು ಒಡೆದು ಎಣ್ಣೆ ಬಿಟ್ಟ ಮೇಲೆ ಆ ಎಣ್ಣೆಯಲ್ಲೇ ಮಸಾಲೆ ಹುರಿಯಬೇಕು. ಗಡಿಬಿಡಿಯ ಹೋಟೆಲ್ ಅಡುಗೆಮನೆಯಲ್ಲಿ ಹಾಲು ಒಡೆಯುವ ತನಕ ಕಾಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಮೊದಲೇ ರಿಫೈನ್ಡ್ ಎಣ್ಣೆ ಸುರಿದು ಪೇಸ್ಟ್ ಹುರಿದು, ಮೇಲೆ ಪ್ಯಾಕೆಟ್ ಹಾಲು ಹಾಕಿ, ಕೊನೆಗೆ ಸಕ್ಕರೆ ಸೇರಿಸಿ ಇಳಿಸುವುದು ಸುಲಭ. ಅಂದರೆ ಎಣ್ಣೆ ಎರಡು ಸಲ ಬರುತ್ತದೆ.

ಲೆಕ್ಕ ಹಾಕೋಣ. ಡಬ್ಬಿಯಲ್ಲೋ ಪ್ಯಾಕೆಟ್‌ನಲ್ಲೋ ಬರುವ ಗಟ್ಟಿ ತೆಂಗಿನ ಹಾಲಿನ 100 ಮಿಲಿಲೀಟರಿಗೆ ಸುಮಾರು 200 ಕಿಲೋ ಕ್ಯಾಲರಿ, ಹೆಚ್ಚುಕಡಿಮೆ ಪೂರ್ತಿ ಕೊಬ್ಬಿನಿಂದಲೇ. ಒಬ್ಬರಿಗೆ ಅಂತ ಕೊಡುವ ಡಬ್ಬಿಗೆ 200 ಮಿಲಿಲೀಟರ್ ಹಾಕಿದರೆ ಹಾಲೊಂದರಿಂದಲೇ 400. ಹುರಿಯಲು ಬಳಸಿದ ಒಂದು ದೊಡ್ಡ ಚಮಚ ಎಣ್ಣೆಗೆ 120. ಎರಡು ಟೀ ಚಮಚ ಸಕ್ಕರೆಗೆ 40. ಜೊತೆಗೆ ಬರುವ ಜಾಸ್ಮಿನ್ ಅನ್ನ 300 ಗ್ರಾಂ ಇದ್ದರೆ ಸುಮಾರು 390. ತರಕಾರಿ, ತೋಫು, ಚಿಕನ್ ಲೆಕ್ಕಕ್ಕೆ ಹಿಡಿಯುವ ಮೊದಲೇ 950 ಮುಟ್ಟುತ್ತದೆ. ಮೊದಲು ಕರಿದ ಸ್ಪ್ರಿಂಗ್ ರೋಲ್, ಕೊನೆಗೆ ಕಂಡೆನ್ಸ್ಡ್ ಮಿಲ್ಕ್ ಸುರಿದ ಥಾಯ್ ಐಸ್ಡ್ ಟೀ ಸೇರಿಸಿಕೊಂಡರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ನೀವೇ ಕೂಡಿಸಿ. ವಯಸ್ಕರೊಬ್ಬರಿಗೆ ದಿನವೊಂದಕ್ಕೆ ಸರಾಸರಿ 2,000 ಕಿಲೋ ಕ್ಯಾಲರಿ ಸಾಕು ಅನ್ನುವುದು ಆಹಾರ ಸುರಕ್ಷತಾ ಪ್ರಾಧಿಕಾರವೇ ಮೆನುಗಳ ಮೇಲೆ ಬರೆಯಿಸುವ ಮಾತು. ಇಡೀ ದಿನ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ, ತೂಕ ಇಳಿಸಲು ಹೊರಟ ಹೆಂಗಸಿಗೆ ಅಷ್ಟೂ ಬೇಕಿಲ್ಲ. ಆಕೆಯ ದಿನದ ಅರ್ಧಕ್ಕಿಂತ ಹೆಚ್ಚು ಆಹಾರವನ್ನು ಒಂದೇ ಡಬ್ಬಿಯಲ್ಲಿ ತುಂಬಿ ಕೊಟ್ಟು ಅದನ್ನು ಹಗುರ ಅಂತ ಕರೆಯುವುದು ಯಾವ ನ್ಯಾಯ?

ಹಾಗಾದರೆ ತಿಂದಾಗ ಹಗುರ ಅನ್ನಿಸುವುದೇಕೆ? ರಸ ತೆಳ್ಳಗಿರುತ್ತದೆ, ಹುಳಿ ಇರುತ್ತದೆ, ಅಗಿಯುವ ಕೆಲಸವಿಲ್ಲದೆ ಗಂಟಲಲ್ಲಿ ಇಳಿಯುತ್ತದೆ. ಹಸಿರು ಬಣ್ಣ ಬೇರೆ. ಹಸಿರು ಕಂಡರೆ ಸೊಪ್ಪು ತಿಂದಷ್ಟೇ ಸಮಾಧಾನ. ನಾಲಿಗೆಗೆ ಸಿಕ್ಕ ಆ ಅನುಭವ ಸೊಂಟದ ಸುತ್ತಳತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನು ಅನ್ನದ ವಿಚಾರ. ಮನೆಯಲ್ಲಿ ಸೋನಾ ಮಸೂರಿ ಅನ್ನದ ಪಾತ್ರೆಯನ್ನು ಆಚೆ ತಳ್ಳುವವರೇ ಹೋಟೆಲಿನಲ್ಲಿ ಜಾಸ್ಮಿನ್ ಅನ್ನವನ್ನು ಬಟ್ಟಲುಗಟ್ಟಲೆ ಉಣ್ಣುತ್ತಾರೆ. ಜಾಸ್ಮಿನ್ ಅಕ್ಕಿಯೂ ಪಾಲಿಶ್ ಮಾಡಿದ ಬಿಳಿ ಅಕ್ಕಿಯೇ. ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುವ ಅಕ್ಕಿಗಳ ಸಾಲಿನಲ್ಲಿ ಅದು ಮುಂದೆಯೇ ನಿಲ್ಲುತ್ತದೆ. ವಿಮಾನ ಹತ್ತಿ ಬಂದ ಮಾತ್ರಕ್ಕೆ ಅಕ್ಕಿಯ ಪಿಷ್ಟ ಕರಗಿಹೋಗುತ್ತದೆಯೇ? ಅಮ್ಮ ಬಡಿಸಿದ ಅನ್ನ ಕಾರ್ಬ್ಸ್, ಬೌಲ್‌ನಲ್ಲಿ ಬಂದ ಅನ್ನ ಆರೋಗ್ಯ ಅನ್ನುವ ಈ ಭೇದವನ್ನು ಯಾವ ವೈದ್ಯಶಾಸ್ತ್ರ ಒಪ್ಪುತ್ತದೆ?

ತೆಂಗಿನಕಾಯಿಯದೂ ಇದೇ ಕಥೆ. ಹಲವು ವರ್ಷಗಳಿಂದ ನಮ್ಮ ಮನೆಗಳಲ್ಲಿ ಹೆಂಗಸರ ಕೈಯಿಂದ ತುರಿಮಣೆ ಕಸಿದುಕೊಳ್ಳುವ ಕೆಲಸ ನಡೆದಿದೆ. ಪಲ್ಯಕ್ಕೆ ಕಾಯಿತುರಿ ಉದುರಿಸಿದರೆ ಕೊಲೆಸ್ಟರಾಲ್, ಇಡ್ಲಿಗೆ ಕಾಯಿಚಟ್ನಿ ಹಾಕಿಕೊಂಡರೆ ತೂಕ. ತಿಪಟೂರು, ಅರಸೀಕೆರೆಯ ತೆಂಗು ಬೆಳೆದ ನಾಡಿನವರು ಒಂದು ಹಿಡಿ ಕಾಯಿಗೆ ಹೆದರಿ ಬದುಕಿದೆವು. ಈಗ ಅದೇ ಕಾಯಿಯನ್ನು ಹಿಂಡಿ, ನಾರನ್ನೆಲ್ಲ ಆಚೆ ಹಾಕಿ, ಕೊಬ್ಬನ್ನಷ್ಟೇ ಉಳಿಸಿಕೊಂಡು ಪ್ಯಾಕೆಟ್ ಮಾಡಿ ಕೊಟ್ಟರೆ ಅದಕ್ಕೆ ಮೆಚ್ಚುಗೆ. ಪಲ್ಯದ ಮೇಲಿನ ಎರಡು ಚಮಚ ತುರಿಯಲ್ಲಿ ನಾರಿತ್ತು, ಅಗಿಯುವ ಕೆಲಸವಿತ್ತು, ಅಳತೆಯಿತ್ತು. ಬೌಲ್‌ನಲ್ಲಿ ಇದ್ಯಾವುದೂ ಇಲ್ಲ.

"ಥಾಯ್ಲೆಂಡಿನವರು ಸಣ್ಣಗಿರುತ್ತಾರಲ್ಲ?" ಅನ್ನುವುದು ಮುಂದಿನ ವಾದ. ಅಲ್ಲಿನ ಮನೆಗಳಲ್ಲಿ ಏನು ಉಣ್ಣುತ್ತಾರೆ ಅಂತ ಮೊದಲು ತಿಳಿಯಬೇಕು. ತಟ್ಟೆಯಲ್ಲಿ ಅನ್ನ, ನಡುವೆ ಎಲ್ಲರಿಗೂ ಸೇರಿ ಎರಡು ಮೂರು ಭಕ್ಷ್ಯ. ಮೆಣಸಿನಕಾಯಿ ಕುಟ್ಟಿ ಮಾಡಿದ ಖಾರದ ಚಟ್ನಿ, ಅದಕ್ಕೆ ಅದ್ದಿಕೊಳ್ಳಲು ಬೇಯಿಸಿದ ಮತ್ತು ಹಸಿ ತರಕಾರಿ, ತಿಳಿಸಾರು, ಒಂದು ಮೀನು. ತೆಂಗಿನ ಹಾಲಿನ ಕರಿ ಇದ್ದರೂ ಒಂದೇ ಬಟ್ಟಲನ್ನು ನಾಲ್ಕು ಜನ ಹಂಚಿಕೊಂಡು ಒಂದೊಂದು ಚಮಚ ಅನ್ನಕ್ಕೆ ಹಾಕಿಕೊಳ್ಳುತ್ತಾರೆ. ಇದನ್ನು ಓದುತ್ತ ನಿಮಗೆ ಉಪ್ಪೆಸರು ಖಾರ ನೆನಪಾಗದಿದ್ದರೆ ಆಶ್ಚರ್ಯ. ಮಂಡ್ಯ, ರಾಮನಗರ, ಮಾಗಡಿ ಕಡೆಯಿಂದ ಬಂದು ಹೇರೋಹಳ್ಳಿಯಲ್ಲಿ ನೆಲೆನಿಂತ ಎಷ್ಟೋ ಮನೆಗಳಲ್ಲಿ ಇವತ್ತಿಗೂ ನಡೆಯುವ ಊಟ ಅದು: ಸೊಪ್ಪು, ಕಾಳು ಬೇಯಿಸಿದ ತಿಳಿಸಾರು, ಕಲ್ಲಿನಲ್ಲಿ ಅರೆದ ಖಾರ, ಜೊತೆಗೆ ಒಂದು ಮುದ್ದೆ. ಎರಡು ನಾಡಿನ ಬಡವರೂ ರೈತರೂ ಒಂದೇ ಜಾಣತನಕ್ಕೆ ಬಂದು ಮುಟ್ಟಿದ್ದರು. ಧಾನ್ಯ ಸಪ್ಪೆ, ಸೊಪ್ಪು ಹೆಚ್ಚು, ಖಾರ ಚಿಟಿಕೆ, ಜಿಡ್ಡು ಅಪರೂಪ.

ನಮ್ಮ ಮಾಲ್‌ಗೆ ಬಂದಿರುವುದು ಆ ಮನೆಯೂಟವಲ್ಲ. ಬಂದಿರುವುದು ಹೊರದೇಶದ ಗಿರಾಕಿಗಾಗಿ ಸಿದ್ಧಪಡಿಸಿದ ಊಟ. 2002ರಲ್ಲಿ ಥಾಯ್ಲೆಂಡ್ ಸರ್ಕಾರ 'ಗ್ಲೋಬಲ್ ಥಾಯ್' ಎಂಬ ಯೋಜನೆ ಹಾಕಿಕೊಂಡು, ಜಗತ್ತಿನಾದ್ಯಂತ ತನ್ನ ರೆಸ್ಟೋರೆಂಟ್‌ಗಳ ಸಂಖ್ಯೆಯನ್ನು ಸಾವಿರಾರು ಹೆಚ್ಚಿಸಲು ಹೊರಟಿತು. ಪ್ರವಾಸೋದ್ಯಮ ಬೆಳೆಯಬೇಕು, ರಫ್ತು ಏರಬೇಕು ಅನ್ನುವುದು ಉದ್ದೇಶ. ಅದರಲ್ಲಿ ತಪ್ಪೇನೂ ಇಲ್ಲ, ತನ್ನ ಅಡುಗೆಯನ್ನು ಹೆಮ್ಮೆಯಿಂದ ಹೊರಗೆ ಒಯ್ದ ಸರ್ಕಾರ ಅದು. ನಮ್ಮ ಸರ್ಕಾರಗಳು ಅದರಿಂದ ಕಲಿಯುವುದಿದೆ. ಆದರೆ ಹೊರಗಿನವರ ನಾಲಿಗೆಗೆ ಹಿಡಿಸಲೆಂದು ಆರಿಸಿದ ತಿನಿಸುಗಳಲ್ಲಿ ಸಿಹಿಯೂ ಜಿಡ್ಡೂ ಮುಂದೆ ಬರುವುದು ಸಹಜ. ಪ್ಯಾಡ್ ಥಾಯ್ ಕೂಡ ಸಾವಿರ ವರ್ಷದ ಆರೋಗ್ಯಸೂತ್ರವೇನಲ್ಲ. ಪ್ರಧಾನಿಯಾಗಿದ್ದ ಪ್ಲೇಕ್ ಫಿಬುನ್‌ಸೊಂಗ್‌ಖ್ರಾಮ್ 1930ರ ದಶಕದ ಕೊನೆ, 40ರ ದಶಕದ ಮೊದಲಿಗೆ ರಾಷ್ಟ್ರೀಯತೆಯ ಹೆಸರಿನಲ್ಲಿ ಬೀದಿಬೀದಿಯಲ್ಲಿ ಜನಪ್ರಿಯಗೊಳಿಸಿದ ನೂಡಲ್ಸ್ ಅದು. ಹುಣಸೆ, ತಾಳೆಬೆಲ್ಲ, ಕಡಲೆಬೀಜ, ಎಣ್ಣೆ ಸೇರಿದ ಹೊಟ್ಟೆತುಂಬುವ ಬೀದಿ ತಿಂಡಿ. ರುಚಿಯಾಗಿದೆ. ಆದರೆ ಪಥ್ಯ ಹೇಗಾಯಿತು?

ಥಾಯ್ಲೆಂಡೇ ತನ್ನ ಜನರ ತೂಕದ ಬಗ್ಗೆ ನೆಮ್ಮದಿಯಿಂದ ಕೂತಿಲ್ಲ ಅನ್ನುವುದನ್ನು ನಮ್ಮ ಡಯೆಟ್ ಪಂಡಿತರು ಯಾಕೆ ಹೇಳುವುದಿಲ್ಲ? 2017ರ ಸೆಪ್ಟೆಂಬರ್‌ನಲ್ಲಿ ಆ ದೇಶ ಸಿಹಿ ಪಾನೀಯಗಳ ಮೇಲೆ ಸಕ್ಕರೆ ತೆರಿಗೆ ಹೇರಿತು. 100 ಮಿಲಿಲೀಟರಿಗೆ 6 ಗ್ರಾಂ ದಾಟಿದರೆ ತೆರಿಗೆ, ಸಕ್ಕರೆ ಹೆಚ್ಚಿದಷ್ಟೂ ತೆರಿಗೆ ಹೆಚ್ಚು. ಮಕ್ಕಳ ಬಾಯಿಂದ ಸಿಹಿ ಬಿಡಿಸಲು ಅಲ್ಲಿ ವರ್ಷಗಳಿಂದ ಆಂದೋಲನವೇ ನಡೆದಿದೆ. ತನ್ನದೇ ಟೀಯ ಸಕ್ಕರೆಗೆ ಒಂದು ದೇಶ ಹೆದರಿ ಕಾನೂನು ಮಾಡುತ್ತಿದ್ದರೆ, ಅದೇ ಟೀಯನ್ನು ನಾವು ವರ್ಕೌಟ್ ಮುಗಿಸಿ ಬಂದವರ ಕೈಗೆ ಕೊಡುತ್ತಿದ್ದೇವೆ.

ನಮ್ಮ ಕಡೆಯ 'ಪ್ಯೂರ್ ವೆಜ್ ಥಾಯ್' ಬಗ್ಗೆಯೂ ಹೇಳಬೇಕು. ಮೂಲ ಅಡುಗೆಯ ಜೀವಾಳ ಮೀನಿನ ಸಾಸ್ ಮತ್ತು ಸಿಗಡಿ ಪೇಸ್ಟ್. ಅವೆರಡನ್ನೂ ತೆಗೆದ ಮೇಲೆ ರುಚಿಯಲ್ಲಿ ಬೀಳುವ ಹಳ್ಳವನ್ನು ತುಂಬಲು ಸೋಯಾ ಸಾಸ್, ಸಕ್ಕರೆ ಬೇಕಾಗುತ್ತವೆ. ರಸ ಮಂದವಾಗಲು ಕಾರ್ನ್‌ಫ್ಲೋರ್ ಬೀಳುತ್ತದೆ. (ಸಸ್ಯಾಹಾರಿಗಳು ಪೇಸ್ಟ್‌ನಲ್ಲಿ ಸಿಗಡಿ ಇದೆಯೇ ಅಂತ ಕೇಳಿಯೇ ತಿನ್ನಬೇಕು, ಅಂಗಡಿಯಲ್ಲಿ ಸಿಗುವ ಎಷ್ಟೋ ಕರಿ ಪೇಸ್ಟ್‌ಗಳಲ್ಲಿ ಇರುತ್ತದೆ.) ಪಪ್ಪಾಯಿ ಸಲಾಡ್ ಕೂಡ ಹೆಸರಿಗಷ್ಟೇ ಸಲಾಡ್ ಆಗಿ, ಬೆಲ್ಲದ ಪಾಕದಲ್ಲಿ ಮುಳುಗಿ ಬರುವುದುಂಟು.

ಉಪ್ಪಿನ ಮಾತು ಎತ್ತುವವರೇ ಇಲ್ಲ. ಒಂದು ದೊಡ್ಡ ಚಮಚ ಮೀನಿನ ಸಾಸ್‌ನಲ್ಲಿ ಸುಮಾರು 1,400 ಮಿಲಿಗ್ರಾಂ ಸೋಡಿಯಂ. ಸೋಯಾ ಸಾಸ್‌ನಲ್ಲಿ ಸುಮಾರು 900. ಇಡೀ ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಉಪ್ಪು ಒಳಗೆ ಹೋದರೆ ದೇಹ ನೀರು ಹಿಡಿದುಕೊಳ್ಳುತ್ತದೆ, ಮರುದಿನ ತೂಕದ ಯಂತ್ರದ ಮೇಲೆ ನಿಂತವರು ಮುಳ್ಳು ಏರಿದ್ದನ್ನು ಕಂಡು ಗಾಬರಿಯಾಗುತ್ತಾರೆ. "ಬರೀ ಸೂಪು, ಸಲಾಡು ತಿಂದೆ, ಆದ್ರೂ ಏರಿದೆ" ಅಂತ ಅಳುತ್ತಾರೆ. ಆಮೇಲೆ ಸಿಟ್ಟು ಬರುವುದು ಯಾರ ಮೇಲೆ? ಮನೆಯ ಅನ್ನದ ಮೇಲೆ. ಮರುದಿನ ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ ಇನ್ನೂ ಒಂದು ಹಿಡಿ ಕಡಿಮೆಯಾಗುತ್ತದೆ.

ಇಲ್ಲೇ ಈ ನಂಬಿಕೆ ಅಪಾಯಕಾರಿಯಾಗುವುದು. ಒಂದನ್ನು ಹಗುರ ಅಂದ ಕೂಡಲೇ ಇನ್ನೊಂದನ್ನು ಭಾರ ಅನ್ನಲೇಬೇಕಾಗುತ್ತದೆ. ಆ ಪಟ್ಟ ಕಟ್ಟಿಸಿಕೊಂಡದ್ದು ಮುದ್ದೆ. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2017ರ ಕೋಷ್ಟಕ ತೆಗೆದು ನೋಡಿ: 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋ ಕ್ಯಾಲರಿ, 11 ಗ್ರಾಂ ನಾರು, 360 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ. ಅಷ್ಟು ಹಿಟ್ಟಿಗೆ ಒಂದು ಒಳ್ಳೆಯ ಮುದ್ದೆ ಆಗುತ್ತದೆ. ಜೊತೆಗೆ ಸೊಪ್ಪಿನ ಬಸ್ಸಾರು, ಒಂದಿಷ್ಟು ಪಲ್ಯ ಅಂದರೂ ಇಡೀ ಊಟ ಆ ಗ್ರೀನ್ ಕರಿ ಡಬ್ಬಿಯ ಅರ್ಧದ ಆಸುಪಾಸಿನಲ್ಲಿ ಮುಗಿಯುತ್ತದೆ. ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಇದೇ ನಾಡಿನಲ್ಲಿ. 2023ನ್ನು ಸಿರಿಧಾನ್ಯಗಳ ವರ್ಷವೆಂದು ವಿಶ್ವಸಂಸ್ಥೆ ಆಚರಿಸಿದಾಗ ಜಗತ್ತು ರಾಗಿಯತ್ತ ನೋಡಿತು. ಅಂಥ ಧಾನ್ಯವನ್ನು ಮಾಗಡಿ ರಸ್ತೆಯಲ್ಲಿ ಕೂತು ನಾವು ದಪ್ಪಗಾಗಿಸುವ ವಸ್ತು ಅನ್ನುತ್ತೇವೆ.

ಮುದ್ದೆಯ ಬಗ್ಗೆ ಇನ್ನೊಂದು ಸಂಗತಿ ಇದೆ, ಅದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಮುದ್ದೆಗೆ ಎಣಿಕೆ ಇದೆ. ಇಡ್ಲಿಗೆ ಇದೆ, ರೊಟ್ಟಿಗೆ ಇದೆ, ಚಪಾತಿಗೆ ಇದೆ. "ಎಷ್ಟು ತಿಂದೆ?" ಅಂದರೆ "ಒಂದು ಮುದ್ದೆ", "ಎರಡು ಇಡ್ಲಿ" ಅಂತ ಉತ್ತರ ಹೇಳಬಹುದು. ಹೊಲದಲ್ಲಿ ದುಡಿದ ಅಪ್ಪ ಎರಡು ಮುದ್ದೆ ಉಂಡರೆ, ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮುಂದೆ ಕೂತು ಬರುವ ಮಗಳಿಗೆ ಒಂದು ಸಾಕು; ಅವಳು ಅದನ್ನು ತಾನೇ ನಿರ್ಧರಿಸಬಲ್ಲಳು, ಯಾವ ಆ್ಯಪೂ ಬೇಕಿಲ್ಲ. ದರ್ಶಿನಿಯಲ್ಲಿ ನಿಂತು ತಿನ್ನುವವನಿಗೂ ತಾನು ಏನು ತಿಂದೆ ಅನ್ನುವುದು ಕಣ್ಣಮುಂದಿರುತ್ತದೆ. ಕರಿಯ ಬೌಲ್‌ಗೆ ಈ ಗುಣ ಇಲ್ಲ. ಒಂದು ಬೌಲ್ ಅಂದರೆ ಎಷ್ಟು? 300 ಗ್ರಾಮೋ, 500 ಗ್ರಾಮೋ? ಅದರಲ್ಲಿ ಹಾಲೆಷ್ಟು, ಎಣ್ಣೆಯೆಷ್ಟು? ತಂದಿಟ್ಟವನಿಗೂ ಗೊತ್ತಿಲ್ಲ, ಉಂಡವನಿಗೂ ಗೊತ್ತಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮ್ಮ ಹಿರಿಯರು ಹೇಳಿಬಿಟ್ಟರು. ಎಷ್ಟು ಉಣ್ಣುತ್ತಿದ್ದೇನೆ ಅನ್ನುವುದನ್ನೇ ಮುಚ್ಚಿಟ್ಟರೆ ಯಾರು ತಾನೇ ಊಟ ಬಲ್ಲವರಾಗುತ್ತಾರೆ?

ಆಮೇಲೆ, ಮುಂದೆ ಬಂದ ಅನ್ನವನ್ನು ಚೆಲ್ಲಬಾರದು ಅಂತ ಕಲಿತು ಬೆಳೆದವರು ನಾವು. ಅದು ಒಳ್ಳೆಯ ಪಾಠ. ಆದರೆ ಆ ಪಾಠದಿಂದಾಗಿ, ಎಷ್ಟು ಬಡಿಸಬೇಕು ಅಂತ ಹೋಟೆಲಿನವನು ನಿರ್ಧರಿಸಿದ್ದೇ ನಾವು ಎಷ್ಟು ತಿನ್ನುತ್ತೇವೆ ಅನ್ನುವ ತೀರ್ಮಾನವೂ ಆಗಿಬಿಡುತ್ತದೆ. ನಾನೂರು ರೂಪಾಯಿ ಕೊಟ್ಟು ಅರ್ಧ ಬಿಟ್ಟು ಏಳಲು ಯಾರ ಮನಸ್ಸು ಒಪ್ಪುತ್ತದೆ?

ಇದೆಲ್ಲ ಶ್ರೀಮಂತರ ಚಿಂತೆ, ಹೇರೋಹಳ್ಳಿಗೆ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಒಂದು ಕಾಲಕ್ಕೆ ಆ ಮಾತು ನಿಜವಿತ್ತು. ಥಾಯ್ ಊಟ ಅಂದರೆ ಎಂ.ಜಿ. ರಸ್ತೆಯ ಒಬೆರಾಯ್ ಹೋಟೆಲಿನ ರಿಮ್ ನಾಮ್‌ನಂಥ ಕಡೆ ಹೋಗಬೇಕಿತ್ತು, ಅಲ್ಲಿಗೆ ಹೋಗುವವರು ಎಷ್ಟು ಜನ? ಈಗ ಹಾಗಿಲ್ಲ. ಸುಂಕದಕಟ್ಟೆ, ಅಂಜನಾನಗರ, ಬ್ಯಾಡರಹಳ್ಳಿಯ ಎರಡನೇ ಮಹಡಿ ಮನೆಯ ಬಾಗಿಲಿಗೂ ಬೌಲ್ ಬರುತ್ತದೆ. ಚೈನೀಸ್ ಮಾಡುವ ಹೋಟೆಲಿನ ಮೆನುವಿನ ಕೊನೆಯ ಪುಟದಲ್ಲಿ ಥಾಯ್ ಕರಿ ಕೂತಿದೆ. ಪೀಣ್ಯದ ಕಾರ್ಖಾನೆಯಿಂದ ಬಂದ ಅಪ್ಪ, ಬ್ಯಾಂಕಿನ ಕೆಲಸದ ಅಮ್ಮ, ಕಾಲೇಜಿನ ಮಗಳು ಇರುವ ಮನೆ ತಿಂಗಳಿಗೆ ಒಂದೆರಡು ಸಲ ತರಿಸುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹತ್ತು ಹೆಂಗಸರಲ್ಲಿ ಮೂವರು, ಹತ್ತು ಗಂಡಸರಲ್ಲಿಯೂ ಮೂವರು ಅಧಿಕ ತೂಕದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನ ದೇಶದಲ್ಲಿ 10 ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆ ಅಂತ ಅಂದಾಜು ಮಾಡಿತು. ನಮ್ಮ ದೇಹಪ್ರಕೃತಿಗೆ ಬಿಎಂಐ 23 ದಾಟಿದರೇ ಎಚ್ಚರ ಬೇಕು, ಹೆಂಗಸರ ಸೊಂಟ 80 ಸೆಂಟಿಮೀಟರ್, ಗಂಡಸರದು 90 ದಾಟಬಾರದು ಅಂತ ವೈದ್ಯರು ಹೇಳುತ್ತ ಬಂದಿದ್ದಾರೆ. ಇಷ್ಟು ದೊಡ್ಡ ಸಂಗತಿಯನ್ನು 'ಹಗುರ' ಅನ್ನುವ ಒಂದು ಶಬ್ದದ ಕೈಗೆ ಕೊಟ್ಟು ಕೂರಬಹುದೇ?

ಈ ಸುಳ್ಳಿನ ಹೊರೆ ಹೆಚ್ಚು ಬೀಳುವುದು ಹೆಂಗಸರ ಮೇಲೆ. ಮದುವೆಗೆ ಮೊದಲು ಸಣ್ಣಗಾಗು, ಹೆರಿಗೆಯ ಮೇಲೆ ಸಣ್ಣಗಾಗು. ತಾಯಿಯೊಬ್ಬಳು ವಾರವಿಡೀ ಅನ್ನ ಬಿಟ್ಟು, ಸಂಜೆ ತಲೆ ಸುತ್ತಿ ಕೂತು, ಭಾನುವಾರ 'ಚೀಟ್ ಡೇ' ಅಂತ ಒಂದು ಡಬ್ಬಿ ಎದುರು ಕೂರುತ್ತಾಳೆ. ಚೀಟ್! ಇಷ್ಟಪಟ್ಟು ಉಣ್ಣುವುದನ್ನು ಮೋಸ ಅಂತ ಕರೆಯುವ ಈ ಭಾಷೆಯನ್ನು ನಾವು ಯಾವಾಗ ಒಪ್ಪಿಕೊಂಡೆವು? ಹಬ್ಬದ ಒಬ್ಬಟ್ಟನ್ನು ತಪ್ಪು ಅಂತ ಯಾರೂ ತಿಂದವರಲ್ಲ. ಇಷ್ಟವಾದದ್ದನ್ನು ಅಪರಾಧಿ ಭಾವದಿಂದ ತಿಂದವರು ಹೆಚ್ಚೇ ತಿನ್ನುತ್ತಾರೆ, ಮತ್ತೆ ಸಿಗುವುದಿಲ್ಲ ಅನ್ನುವ ಭಯಕ್ಕೆ ತಿನ್ನುತ್ತಾರೆ. ಸೋಮವಾರ ಮತ್ತೆ ಉಪವಾಸ. ಈ ಚಕ್ರದಲ್ಲಿ ತೂಕವೂ ಇಳಿಯುವುದಿಲ್ಲ, ಊಟದ ಸಂತೋಷವೂ ಉಳಿಯುವುದಿಲ್ಲ. ಪಕ್ಕದಲ್ಲಿ ಕೂತ ಮಗಳು ಇದನ್ನೆಲ್ಲ ನೋಡಿ ಕಲಿಯುತ್ತಾಳೆ. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಮುದ್ದೆಯ ತಟ್ಟೆ ಅವಳಿಗೂ ಬೇಡವಾಗಿರುತ್ತದೆ.

ತಪ್ಪು ಯಾರದು? ತಿನ್ನುವವರ ಮನೋಬಲ ಕಡಿಮೆ ಅನ್ನುವ ಉತ್ತರ ಸಿದ್ಧವಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಅಳತೆ ಹೇಳದೆ ಮಾರುವವರದು ಮೊದಲ ತಪ್ಪು, ಹೇಳಿಸದೆ ಬಿಟ್ಟ ಸರ್ಕಾರದ್ದು ಎರಡನೆಯದು. ಇದೇ ಮಾಗಡಿ ರಸ್ತೆಯ ಬಾರಿನಲ್ಲಿ 30, 60, 90 ಅಂತ ಅಳತೆಯಿಲ್ಲದೆ ಒಂದು ಹನಿ ಮಾರುವಂತಿಲ್ಲ. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಐದು ಲೀಟರ್ ಕ್ಯಾನಿನಲ್ಲಿ ಅಳೆದು ತೋರಿಸಬೇಕು. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಗ್ರಾಂ, ಕ್ಯಾಲರಿ, ಸಕ್ಕರೆ, ಕೊಬ್ಬು ಎಲ್ಲ ಬರೆದಿರುತ್ತದೆ. ನಾನೂರು ರೂಪಾಯಿಯ ಊಟಕ್ಕೆ ಯಾವ ಅಳತೆಯೂ ಬೇಡವೇ?

ಕಾನೂನು ಇಲ್ಲವೆಂದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ತಂದ ನಿಯಮಗಳ ಪ್ರಕಾರ ಕೇಂದ್ರ ಪರವಾನಗಿ ಪಡೆದ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಮಳಿಗೆ ಇರುವ ಹೋಟೆಲುಗಳು ಮೆನುವಿನಲ್ಲಿ ಪ್ರತಿ ತಿನಿಸಿನ ಪಕ್ಕ ಕ್ಯಾಲರಿಯನ್ನೂ ಬಡಿಸುವ ಪ್ರಮಾಣವನ್ನೂ ಬರೆಯಬೇಕು. ಆ್ಯಪ್‌ಗಳಲ್ಲೂ ಆ ಮಾಹಿತಿ ಕಾಣಿಸಬೇಕು. ಒಂದೇ ಮಳಿಗೆಯ, ಎರಡೇ ಮಳಿಗೆಯ ಸಣ್ಣ ಹೋಟೆಲುಗಳಿಗೆ ಈ ಬಾಧ್ಯತೆ ಇಲ್ಲ. ಹೇರೋಹಳ್ಳಿಯಂಥ ಬಡಾವಣೆಗಳಲ್ಲಿ ಜನ ಉಣ್ಣುವುದು ಬಹುತೇಕ ಅಂಥಲ್ಲಿಯೇ. 2017ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಾಗಿದ್ದ ರಾಮ್ ವಿಲಾಸ್ ಪಾಸ್ವಾನ್ ಹೋಟೆಲುಗಳಲ್ಲಿ ಬಡಿಸುವ ಪ್ರಮಾಣದ ಪ್ರಶ್ನೆ ಎತ್ತಿದರು. ಆಹಾರ ಪೋಲಾಗುವುದನ್ನು ತಡೆಯುವ ಉದ್ದೇಶ ಅವರದು. ತಟ್ಟೆಗೆ ಸರ್ಕಾರ ಕೈಹಾಕುತ್ತಿದೆ ಅಂತ ಗದ್ದಲವಾಯಿತು, ಮಾತು ಅಲ್ಲಿಗೇ ನಿಂತಿತು. ಎಷ್ಟು ತಿನ್ನಬೇಕು ಅಂತ ಸರ್ಕಾರ ಹೇಳುವುದು ನನಗೂ ಬೇಡ. ಎಷ್ಟು ಕೊಡುತ್ತಿದ್ದೀರಿ ಅಂತ ಹೋಟೆಲಿನವರು ಹೇಳಲಿ.

ಸಣ್ಣ ಹೋಟೆಲಿಗೆ ಪ್ರಯೋಗಾಲಯದ ಖರ್ಚು ಹೊರಿಸಿ ಅಂತಲೂ ನಾನು ಕೇಳುತ್ತಿಲ್ಲ. ಬೆಂಗಳೂರಿನಲ್ಲಿ ಹಿಂದಿನಿಂದ ಬಂದ ಒಂದು ಒಳ್ಳೆಯ ರೂಢಿ ಇದೆ: ಒನ್ ಬೈ ಟು. ಕಾಫಿಗೆ ಇದೆ, ಸೂಪಿಗೆ ಇದೆ. ಮಾಣಿಗೆ ಹೇಳಲು ಸಂಕೋಚವಿಲ್ಲ, ಅವನೂ ಮುಖ ಸಿಂಡರಿಸುವುದಿಲ್ಲ, ಎರಡು ಲೋಟದಲ್ಲಿ ಸಮವಾಗಿ ಹಂಚಿ ತಂದಿಡುತ್ತಾನೆ. ಊಟದ ಪ್ರಮಾಣವನ್ನು ಇಷ್ಟು ಸರಳವಾಗಿ, ಇಷ್ಟು ಮರ್ಯಾದೆಯಿಂದ ಅರ್ಧ ಮಾಡುವ ಪದ್ಧತಿ ನಮ್ಮ ಕೈಯಲ್ಲೇ ಇದೆ. ಅದನ್ನು ಕರಿಗೆ, ನೂಡಲ್ಸ್‌ಗೆ, ಅನ್ನಕ್ಕೆ ವಿಸ್ತರಿಸಲು ಏನು ಅಡ್ಡಿ? ಮೆನುವಿನಲ್ಲಿ ಪ್ರತಿ ತಿನಿಸಿಗೂ ಹಾಫ್ ಪ್ಲೇಟ್ ಇರಲಿ, ಅದಕ್ಕೆ ಅರ್ಧದಷ್ಟೇ ಬೆಲೆ ಇರಲಿ. ಪಕ್ಕದಲ್ಲಿ ಇಷ್ಟು ಗ್ರಾಂ ಅಂತ ಬರೆಯಿರಿ. ಅಡುಗೆಮನೆಯಲ್ಲಿರುವ ತಕ್ಕಡಿಯೇ ಸಾಕು. ಬೃಹತ್ ಬೆಂಗಳೂರು ಹೋಟೆಲುಗಳ ಸಂಘ ಕಾಫಿ, ತಿಂಡಿ ಬೆಲೆಯ ಬಗ್ಗೆ ಮಾತಾಡುತ್ತದಲ್ಲ, ಪ್ರಮಾಣದ ಬಗ್ಗೆಯೂ ಮಾತಾಡಲಿ. ಆ್ಯಪ್‌ಗಳು 'ಹೆಲ್ದಿ' ಅನ್ನುವ ಪಟ್ಟಿಯಲ್ಲಿ ತೆಂಗಿನ ಹಾಲಿನ ಕರಿಯನ್ನು ಸೇರಿಸುವ ಮೊದಲು ಅದರ ಪ್ರಮಾಣ ತೋರಿಸಲಿ. ತೋರಿಸದಿದ್ದರೆ ಆ ಹೆಸರು ತೆಗೆಯಲಿ. ಜಿಮ್‌ನವರು ಅನ್ನ, ಮುದ್ದೆಯನ್ನು ಹೊಡೆದುಹಾಕಿದ ಚಾರ್ಟುಗಳನ್ನು ಹರಿದು, ಒಂದು ಮುದ್ದೆ, ಒಂದು ಬಟ್ಟಲು ಅನ್ನ, ಹೊಟ್ಟೆ ತುಂಬ ಸೊಪ್ಪು ಅಂತ ಬರೆದುಕೊಡಲಿ.

ಥಾಯ್ ಊಟವನ್ನು ಬಿಡಬೇಡಿ. ಹೋಗಿ, ಮನೆಮಂದಿಯೆಲ್ಲ ಹೋಗಿ. ತೆಂಗಿನ ಹಾಲಿಲ್ಲದ ತಿಳಿ ಟಾಮ್ ಯಮ್ ಮೊದಲು ಕುಡಿಯಿರಿ. ಮೀನು ತಿನ್ನುವವರು ನಿಂಬೆ, ಬೆಳ್ಳುಳ್ಳಿ ಹಾಕಿ ಹಬೆಯಲ್ಲಿ ಬೇಯಿಸಿದ ಮೀನು ಹೇಳಿ. ಪಪ್ಪಾಯಿ ಸಲಾಡಿಗೆ ಬೆಲ್ಲ ಕಡಿಮೆ ಹಾಕಿ ಅಂತ ಹೇಳಲು ಹಿಂಜರಿಯಬೇಡಿ, ಕೇಳಿದ ಮೇಲೆಯೇ ಕುಟ್ಟಿ ಮಾಡುವ ತಿನಿಸು ಅದು. ಗ್ರೀನ್ ಕರಿ ಬೇಕೇ? ನಾಲ್ವರಿಗೆ ಒಂದೇ ಬಟ್ಟಲು ತರಿಸಿ, ಬ್ಯಾಂಕಾಕಿನ ಮನೆಯಲ್ಲಿ ಉಣ್ಣುವ ಹಾಗೆ ಚಮಚ ಚಮಚ ಅನ್ನಕ್ಕೆ ಹಾಕಿಕೊಂಡು ಉಣ್ಣಿ. ಉಳಿದರೆ ಮನೆಗೆ ಕಟ್ಟಿಸಿಕೊಳ್ಳಿ. ರುಚಿಗಾಗಿ ತಿನ್ನಿ, ಸಂತೋಷಕ್ಕಾಗಿ ತಿನ್ನಿ. ತೂಕ ಇಳಿಯುತ್ತದೆ ಅಂತ ಮಾತ್ರ ತಿನ್ನಬೇಡಿ.

ಈ ಭಾನುವಾರ ಎಲ್ಲಿ ಕೂತರೂ ಮೆನು ತಂದವರನ್ನು ಎರಡು ಪ್ರಶ್ನೆ ಕೇಳಿ: ಇದು ಎಷ್ಟು ಗ್ರಾಂ ಬರುತ್ತೆ? ಹಾಫ್ ಕೊಡ್ತೀರಾ? ಇಲ್ಲ ಅಂದರೆ ಯಾಕಿಲ್ಲ ಅಂತ ಮಾಲೀಕರನ್ನು ಕರೆದು ಕೇಳಿ. ಗಿರಾಕಿಗಳು ಕೇಳದೆ ಯಾವ ಮೆನುವೂ ಬದಲಾಗಿಲ್ಲ. ಮನೆಗೆ ಬಂದ ಮೇಲೆ, ಸೋಮವಾರ ರಾತ್ರಿ ಒಂದು ಮುದ್ದೆ ಉಣ್ಣಿ, ಮಕ್ಕಳಿಗೂ ಬಡಿಸಿ.